ಸೌಂಡಣ್ಣನ ಫೋನು ನಾನೆತ್ತಿದ್ದು

ಮೊದಲೇ ಹೇಳಿಬಿಡುತ್ತೇನೆ. ಒಬ್ಬ ಮನುಷ್ಯ ಎಚ್ಚರವಿಲ್ಲದೆ ಟೆಂಪೋದಲ್ಲಿ ಬಿದ್ದಿದ್ದಾಗ, ಅವನ ಹೆಂಡತಿಯ ಫೋನು ಬಂತು. ನಾನು ಎತ್ತಿದೆ. ಎತ್ತಿ, ಅವನದೇ ದನಿಯಲ್ಲಿ ಮಾತಾಡಿದೆ. "ಚೆನ್ನಾಗಿದ್ದೀನಿ ಕಣೆ" ಅಂದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಇಷ್ಟು ವರ್ಷದ ನನ್ನ ಮಿಮಿಕ್ರಿಯಲ್ಲಿ ಚಪ್ಪಾಳೆ ಬೀಳದ ಐಟಂಗಳು ಬೇಕಾದಷ್ಟಿವೆ, ಆದರೆ ಅಷ್ಟು ಚೆನ್ನಾಗಿ ಬಂದೂ ಚಪ್ಪಾಳೆ ಬೀಳದೆ ಹೋದದ್ದು ಅದೊಂದೇ...

ನೆನಪು ಬಂದದ್ದು ಒಂದು ವಾಸನೆಯಿಂದ. ಹೋದ ತಿಂಗಳು ಹಿಂದೂಪುರದ ಒಂದು ಕಲ್ಯಾಣಮಂಟಪದಲ್ಲಿ ರಿಸೆಪ್ಶನ್ ಇತ್ತು. ಆಂಕರೂ ನಾನೇ, ಮಿಮಿಕ್ರಿಯೂ ನಾನೇ. ಎರಡು ಕೆಲಸಕ್ಕೂ ಸೇರಿ ಒಂದೇ ಊಟ. ಸೌಂಡಿನವರು ಮೈಕು ಕೊಟ್ಟರು, ಬಾಯಿಗೆ ಹಿಡಿದೆ. ಮೈಕಿನ ಸ್ಪಂಜಿಗೆ ಸಾಮಾನ್ಯವಾಗಿ ಇರುವುದು ಒಂದೇ ವಾಸನೆ: ನಮಗಿಂತ ಮೊದಲು ಭಾಷಣ ಮಾಡಿದವರು ಮಧ್ಯಾಹ್ನ ಏನು ತಿಂದಿದ್ದರು ಎಂಬುದರ ವಾಸನೆ. ಇದಕ್ಕೆ ಮಾತ್ರ ನೀಲಗಿರಿ ಎಣ್ಣೆಯ ವಾಸನೆ ಇತ್ತು. ಯಾರಿಗೋ ನೆಗಡಿಯಾಗಿತ್ತೋ ಏನೋ. ನಾನು ತೆರೆದ ಬಾಯಿ ತೆರೆದ ಹಾಗೇ ನಿಂತುಬಿಟ್ಟೆ. ಮುಂದಿನ ಸಾಲಿನಿಂದ ಮದುಮಗಳ ಸೋದರಮಾವ, "ಏಮಯ್ಯಾ, ಕರೆಂಟ್ ಪೋಯಿಂದಾ?" ಎಂದು ಕೂಗಿದರು. ಜನ ನಕ್ಕರು. "ಕರೆಂಟ್ ಉಂದಿ ಮಾವಾ, ನೇನೇ ಪೋಯಾನು" ಎಂದು ಅವರ ದನಿಯಲ್ಲೇ ಹೇಳಿದೆ. ಕರೆಂಟಿದೆ, ಹೋದವನು ನಾನೇ. ಜನ ಇನ್ನೂ ಜಾಸ್ತಿ ನಕ್ಕರು. ಕಾರ್ಯಕ್ರಮ ಸರಾಗವಾಗಿ ಮುಗಿಯಿತು, ಊಟ ಮಾಡಿದೆ, ಮನೆಗೆ ಬಂದೆ. ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದೇ ಇರುವುದು ನನಗೆ ಈಗ ಅಭ್ಯಾಸವಾಗಿ ಹೋಗಿದೆ.

ಪ್ರತಿ ಕಾರ್ಯಕ್ರಮಕ್ಕೂ ಮೊದಲು ಮೈಕಿನ ಸ್ಪಂಜಿಗೆ ಒಂದೇ ಒಂದು ಹನಿ ನೀಲಗಿರಿ ಎಣ್ಣೆ ಬಿಡುತ್ತಿದ್ದವನು ನಮ್ಮ ಸೌಂಡಣ್ಣ. ಹೆಸರು ಬೇರೆ ಇತ್ತು, ಆದರೆ ಆ ಹೆಸರಿನಿಂದ ಯಾರೂ ಕರೆದದ್ದು ನಾನು ಕೇಳಿಲ್ಲ. ಬೆಳುಗುಪ್ಪದ ಕಡೆಯ ರೈತರ ಮನೆಯವನು. ಕಲ್ಯಾಣದುರ್ಗದಲ್ಲಿ ಸಣ್ಣದೊಂದು ಅಂಗಡಿ ಮಾಡಿಕೊಂಡು ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತಿದ್ದ. ಅತ್ತ ಕಂಬದೂರಿನಿಂದ ಇತ್ತ ಹಿಂದೂಪುರದವರೆಗೆ ಎಲ್ಲಿ ಮದುವೆಯಿದ್ದರೂ ಅವನ ಕಪ್ಪು ಪೆಟ್ಟಿಗೆಗಳು ಟೆಂಪೋದಲ್ಲಿ ಬಂದಿಳಿಯುತ್ತಿದ್ದವು. ಪ್ರತಿ ಪೆಟ್ಟಿಗೆಗೂ ಅವನ ಹೆಂಡತಿ ಹತ್ತಿ ತುಂಬಿ ಹೊಲಿದ ದಪ್ಪ ಕವರು. ಚಳಿಗಾಲದಲ್ಲಿ ಮಕ್ಕಳಿಗೆ ಸ್ವೆಟರು ಹಾಕುವ ಹಾಗೆ ಅವನ್ನು ಹಾಕಿ ತೆಗೆದು ಮಾಡುತ್ತಿದ್ದ. ಎಂಥ ಬಿಸಿಲಿದ್ದರೂ ಕಪ್ಪು ತುಂಬುತೋಳಿನ ಅಂಗಿಯೇ. ಯಾಕಣ್ಣ ಅಂದರೆ, "ಸೌಂಡಿನೋನು ಕಾಣಬಾರ್ದು ಕಣ್ಲಾ, ಕೇಳಬೇಕು" ಅನ್ನುತ್ತಿದ್ದ.

ನಾನು ಹಿಂದೂಪುರದ ನೇಕಾರರ ಮನೆಯವನು. ನಾನು ಮಾಡಿದ ಮೊದಲ ಮಿಮಿಕ್ರಿ ನಮ್ಮ ಮನೆಯ ಮಗ್ಗದ್ದು. ಅಪ್ಪ ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದಾಗ ಬಾಯಲ್ಲೇ ಮಗ್ಗ ಓಡಿಸಿದೆ. ಮಗ ಕೊನೆಗೂ ಕೆಲಸಕ್ಕೆ ಕೂತನೆಂದು ಅಪ್ಪ ಸಂತೋಷದಿಂದ ಇನ್ನೆರಡು ತಂಬಿಗೆ ಹೆಚ್ಚು ಹೊಯ್ದುಕೊಂಡರು. ಹೊರಗೆ ಬಂದು ನೋಡಿದ ಮೇಲೆ ಬಿದ್ದದ್ದು ಬೇರೆ. ಅಂಥ ನನ್ನನ್ನು ಒಂದು ಮದುವೆಯಲ್ಲಿ ಕಂಡ ಸೌಂಡಣ್ಣ, ಮೈಕನ್ನು ಕಬ್ಬಿನ ಜಲ್ಲೆಯ ಹಾಗೆ ಹಿಡಿಯಬಾರದು ಎಂದು ಬೈದು, ಬಾಯಿಗೂ ಮೈಕಿಗೂ ಎರಡು ಬೆರಳಿನ ಅಂತರ ಕಲಿಸಿದ. ಆಮೇಲೆ ತಾನು ಹೋದಲ್ಲೆಲ್ಲ ಕರೆದುಕೊಂಡು ಹೋದ. ನನಗೆ ಬಂದ ಕಾರ್ಯಕ್ರಮಗಳಲ್ಲಿ ಅರ್ಧದಷ್ಟು ಅವನ ಬಾಯಿಂದ ಬಂದವು. ಆ ಸಾಲವನ್ನು ನಾನು ಅವನ ಬಾಯಿಯನ್ನೇ ಕದ್ದು ತೀರಿಸಿದೆ.

ಅವನ ದನಿ ಸುಲಭ. ಪ್ರತಿ ಮಾತಿಗೆ ಮುಂಚೆ ಗಂಟಲಲ್ಲಿ ಒಂದು "ಹ್ಞಾಂ", ಆಮೇಲೆ ಒಂದು ಕ್ಷಣ ತಡ, ಆಮೇಲೆ ಮಾತು. ಆ ತಡವನ್ನು ಹಿಡಿದರೆ ಮುಗಿಯಿತು. ಒಮ್ಮೆ ಕಲ್ಯಾಣದುರ್ಗದ ಅವನ ಮನೆ ಬಾಗಿಲಲ್ಲಿ ನಿಂತು, "ಹ್ಞಾಂ... ಊಟಕ್ಕೆ ಏನೈತೆ?" ಅಂದೆ. ಒಳಗಿನಿಂದ ಅತ್ತಿಗೆ, "ಕಾಲು ತೊಳ್ಕಂಡು ಬನ್ನಿ, ಮುದ್ದೆ ಆರೋಯ್ತದೆ" ಅಂದರು. ಅಣ್ಣ ನನ್ನ ಹಿಂದೆಯೇ ನಿಂತಿದ್ದ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತಿಗೆ ಹೊರಗೆ ಬಂದು, ಇಬ್ಬರನ್ನೂ ನೋಡಿ, "ಅಯ್ಯೋ ನಿನ್ ಮನೆ ಕಾಯ್ವಾಗ! ನನ್ ಗಂಡ ಒಬ್ನೇ ಸಾಕು ಕಣಪ್ಪ ನಂಗೆ" ಅಂದರು. ಅತ್ತಿಗೆ ಕಂಬದೂರಿನ ಕಡೆಯವರು. ಬೈದರೂ ತಟ್ಟೆ ಹಾಕಿಯೇ ಬೈಯುವವರು.

ಆ ನಗು ಆಮೇಲೆ ಕಡಿಮೆಯಾಯಿತು. ಲಾಕ್‌ಡೌನಿನ ದಿನಗಳಲ್ಲಿ ಪೆಟ್ಟಿಗೆಗಳು ಮೂಲೆ ಸೇರಿದವು, ಇಲಿಗಳು ವೈರು ಕಡಿದವು. ಅದು ಎಲ್ಲರಿಗೂ ಆದದ್ದೇ. ಮದುವೆಗಳು ಮತ್ತೆ ಶುರುವಾದಾಗ ಮಿಕ್ಕವರೆಲ್ಲ ಎದ್ದು ಮೈ ಕೊಡವಿಕೊಂಡರು. ಅಣ್ಣ ಮಾತ್ರ ಏಳಲಿಲ್ಲ. ಕೆಲಸಕ್ಕೆ ಬರುತ್ತಿದ್ದ, ವೈರು ಎಳೆಯುತ್ತಿದ್ದ, "ಚೆಕ್, ಚೆಕ್" ಅನ್ನುತ್ತಿದ್ದ. ಒಂದು ದಿನ ಟೆಂಪೋದಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಹೇಳಿದ: "ಸೌಂಡು ಕಿವೀಗಂಟ ಬತ್ತದೆ ಕಣ್ಲಾ. ಒಳಕ್ಕೆ ಬರಾದಿಲ್ಲ." ನಾನು ಅದನ್ನೂ ಅವನ ದನಿಯಲ್ಲೇ ವಾಪಸ್ ಹೇಳಿ ತಮಾಷೆ ಮಾಡಿದೆ. ಅವನು ಕಿಟಕಿಯಾಚೆ ನೋಡಿದ. ತಿಂಗಳಿಗೊಮ್ಮೆ ಸ್ಪೇರ್ ಪಾರ್ಟ್ಸ್ ತರಬೇಕೆಂದು ಅನಂತಪುರಕ್ಕೆ ಹೋಗಿಬರುತ್ತಿದ್ದ. ಅಷ್ಟೊಂದು ಸ್ಪೇರ್ ಯಾವ ಪೆಟ್ಟಿಗೆಗೆ ಬೇಕು ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಅವನು ಹೋಗುತ್ತಿದ್ದದ್ದು ಮನಸ್ಸಿನ ಡಾಕ್ಟರ ಹತ್ತಿರ. ಅದು ಗೊತ್ತಿದ್ದದ್ದು ಅತ್ತಿಗೆಗೆ ಒಬ್ಬರಿಗೇ.

ಚಿಲಮತ್ತೂರಿನ ಆಚೆ, ಬೆಂಗಳೂರು ಹೆದ್ದಾರಿಯಿಂದ ಒಳಗೆ, ತೋಟದ ಮನೆಯೊಂದಿತ್ತು. ಏಪ್ರಿಲಿನ ಒಂದು ಭಾನುವಾರ ಅಲ್ಲಿ ಯಾರದೋ ಹುಟ್ಟುಹಬ್ಬ. ಬೆಂಗಳೂರಿನಿಂದ ಕಾರುಗಳಲ್ಲಿ ಬಂದವರು, ಈಜುಕೊಳದ ಪಕ್ಕದಲ್ಲಿ ಬೆಳಗ್ಗೆಯಿಂದಲೇ ಕುಣಿತ. ಹಾಡು ಹಾಕುವವನು ಅವರದೇ ಜನ. ಪೆಟ್ಟಿಗೆ ನಮ್ಮದು, ಜನರೇಟರು ನಮ್ಮದು, ಬಿಸಿಲೂ ನಮ್ಮದೇ. ಕೇಕು ಕತ್ತರಿಸುವ ಮೊದಲು ಹತ್ತು ನಿಮಿಷ ನನ್ನ ಐಟಂ ಇತ್ತು. ನಾನು ಯಾವ ದನಿ ಮಾಡಿದರೂ ಅವರಿಗೆ ಆ ಮನುಷ್ಯರೇ ಗೊತ್ತಿಲ್ಲ. ಕೊನೆಗೆ ನಾಯಿ ಬೊಗಳುವುದನ್ನು ಮಾಡಿದೆ, ಅದಕ್ಕೆ ಚಪ್ಪಾಳೆ ಬಂತು.

ಮಧ್ಯಾಹ್ನ ಅವರಲ್ಲಿ ಒಬ್ಬ ನಮ್ಮ ಹತ್ತಿರ ಬಂದ. ಚಡ್ಡಿ ಹಾಕಿದ್ದ, ಮೈ ತುಂಬ ನೀರು, ಬಹಳ ಮರ್ಯಾದಸ್ಥ. ಅಂಗೈಯಲ್ಲಿ ಗುಲಾಬಿ ಬಣ್ಣದ ಎರಡು ಮಾತ್ರೆ. ಮೇಲೆ ಚಿಟ್ಟೆಯ ಅಚ್ಚು ಒತ್ತಿದ್ದರು, ಮಕ್ಕಳ ಪೆಪ್ಪರಮಿಂಟಿನ ಹಾಗೆ. "ಅಣ್ಣ, ಬೆಳಗ್ಗೆಯಿಂದ ನಿಂತಿದ್ದೀರ. ತಗೊಳ್ಳಿ. ಮ್ಯೂಸಿಕ್ ಒಳಗಡೆ ಕೇಳಿಸುತ್ತೆ" ಅಂದ.

"ಏನಪ್ಪ ಇದು?" ಅಂದ ಅಣ್ಣ.

"ಖುಷಿ ಮಾತ್ರೆ ಅಣ್ಣ. ಏನೂ ಆಗಲ್ಲ."

ಅವನು ಹೋದ. ಅಣ್ಣ ಮಾತ್ರೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ನಿಂತ. ಎಸೆಯುತ್ತಿದ್ದನೋ ಏನೋ, ಈಗ ಯಾರಿಗೆ ಗೊತ್ತು... ನಾನು ಆ ಬೆಂಗಳೂರಿನವನ ದನಿ ಮಾಡಿ, ಸೊಂಟ ಕುಣಿಸಿ, "ಏನೂ ಆಗಲ್ಲ ಅಣ್ಣ, ಒಳಗಡೆ ಕೇಳಿಸುತ್ತೆ ಅಣ್ಣ" ಅಂದೆ. ಅಣ್ಣ ನಕ್ಕ. ಎಷ್ಟೋ ತಿಂಗಳಾದ ಮೇಲೆ ಹಲ್ಲು ಕಾಣಿಸುವಂತೆ ನಕ್ಕ. ನಗುತ್ತಲೇ ಒಂದನ್ನು ಬಾಯಿಗೆ ಹಾಕಿಕೊಂಡ. ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ ಅರ್ಧ ನನಗೆ ಕೊಟ್ಟು ಅರ್ಧ ತಾನೇ ನುಂಗಿದ. ಕಡ್ಲೆಮಿಠಾಯಿ ಹಂಚಿಕೊಂಡ ಹಾಗೆ ಹಂಚಿಕೊಂಡೆವು.

ಅರ್ಧ ಗಂಟೆಯಲ್ಲಿ ನನ್ನ ದವಡೆ ತಾನಾಗಿಯೇ ಬಿಗಿಯತೊಡಗಿತು. ಎದೆ ಡಬಡಬ. ಸುತ್ತ ಇದ್ದವರೆಲ್ಲ ಒಳ್ಳೆಯವರು ಅನ್ನಿಸಿತು, ಟೆಂಪೋ ಡ್ರೈವರು ಕೂಡ. ಅಣ್ಣನನ್ನು ನೋಡಿದರೆ, ದೊಡ್ಡ ಸ್ಪೀಕರಿಗೆ ಕೆನ್ನೆ ಒತ್ತಿಕೊಂಡು ನಿಂತಿದ್ದ. "ಬಂತು ಕಣ್ಲಾ" ಅಂದ. "ಒಳಕ್ಕೆ ಬಂತು." ಅವನ ಕಣ್ಣಲ್ಲಿ ನೀರು. ನನಗೂ ಅಳು ಬಂತು. ಅವನಿಗೆ ಅಷ್ಟು ಸಂತೋಷವಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಈ ಮಾತನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಗಂಟೆಯ ಹೊತ್ತಿಗೆ ಅವನು ಮಾತು ನಿಲ್ಲಿಸಿದ. ಅದೇ ಕಪ್ಪು ಅಂಗಿಯಲ್ಲಿ ಬಿಸಿಲಲ್ಲೇ ನಿಂತಿದ್ದ, ಕರೆದರೆ ನೆರಳಿಗೆ ಬರಲೊಲ್ಲ. ಮುಖ ಕೆಂಪಗೆ, ಒಂದು ಹನಿ ಬೆವರಿಲ್ಲ. ಹಲ್ಲು ಕರಕರ ಕಡಿಯುವ ಸದ್ದು ಅಷ್ಟು ದೊಡ್ಡ ಸ್ಪೀಕರಿನ ಪಕ್ಕದಲ್ಲೂ ಕೇಳುತ್ತಿತ್ತು. ಮುಟ್ಟಿದರೆ ಆಂಪ್ಲಿಫೈಯರಿನ ಬೆನ್ನು ಮುಟ್ಟಿದಷ್ಟು ಬಿಸಿ. ಆಮೇಲೆ ಬಿದ್ದ. ಕೈಕಾಲು ಸೆಟೆದು ಅದುರತೊಡಗಿದವು. ಕಾವಲುಗಾರ ಓಡಿಬಂದು ತೋಟದ ಮನೆಯ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದ. ಕಬ್ಬಿಣ ಹಿಡಿದರೆ ಫಿಟ್ಸು ನಿಲ್ಲುತ್ತದೆಂದು ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ಅದುರುವುದು ಸ್ವಲ್ಪ ಹೊತ್ತಿಗೆ ನಿಂತಿತು. ಕೀಲಿಗೊಂಚಲೇ ನಿಲ್ಲಿಸಿತೆಂದು ನಾವೂ ನಂಬಿದೆವು. ಪಂಪಿನ ಕೋಣೆಯಲ್ಲಿ ಮಲಗಿಸಿ, ಬಿಸಿಲು ಹೊಡೆದಿದೆ, ಈಗ ಸರಿಹೋಗುತ್ತದೆ ಎಂದು ಒಂದು ಗಂಟೆ ಕಾದೆವು. ಅಷ್ಟರಲ್ಲಿ ಹಾಡು ನಿಂತಿತ್ತು, ಕಾರುಗಳು ಒಂದೊಂದಾಗಿ ಹೋಗಿದ್ದವು. ಅರ್ಧ ಕೇಕು ಹಾಗೇ ಉಳಿದಿತ್ತು.

ಟೆಂಪೋದ ಹಿಂಭಾಗದಲ್ಲಿ ಪೆಟ್ಟಿಗೆಗಳ ನಡುವೆ ಅವನನ್ನು ಮಲಗಿಸಿದೆವು. ಹೆದ್ದಾರಿಯಲ್ಲಿ ತಪಾಸಣೆ ಇರುತ್ತದೆ ಎಂದು ಡ್ರೈವರು ಹೆದರಿದ. "ಪೊಲೀಸ್ರು ನೋಡಿದ್ರೆ ಮೂರು ಜನಾನೂ ಒಳಗೇ. ಮುಚ್ಲಾ ಅವನ್ನ" ಅಂದ. ಮುಚ್ಚಲು ಕೈಗೆ ಸಿಕ್ಕಿದ್ದು ಸ್ಪೀಕರಿನ ಕವರುಗಳು. ಅತ್ತಿಗೆ ಹತ್ತಿ ತುಂಬಿ ಹೊಲಿದ ಆ ದಪ್ಪ ಕವರುಗಳಲ್ಲಿ, ಒಲೆಯ ಹಾಗೆ ಕಾಯುತ್ತಿದ್ದ ಮನುಷ್ಯನನ್ನು, ಏಪ್ರಿಲಿನ ಮಧ್ಯಾಹ್ನ, ಕುತ್ತಿಗೆಯವರೆಗೆ ನಾನೇ ಸುತ್ತಿದೆ. ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಬೇಕಾಗಿತ್ತು ಎಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು. ಮೈಯ ಕಾವು ಏರಿದಷ್ಟೂ ಒಳಗಿನ ಮಾಂಸಖಂಡ ಕರಗಿ ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತದಂತೆ. ನಾವು ಅವನನ್ನು ಒಂದು ಸಾಮಾನು ಕಾಪಾಡುವ ಹಾಗೆ ಕಾಪಾಡಿದೆವು.

ಹಿಂದೂಪುರದ ರಸ್ತೆಗೆ ತಿರುಗಿದ ಮೇಲೆ ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು, ಮತ್ತೆ ಶುರುವಾಯಿತು. "ಎತ್ತದಿದ್ರೆ ಆಯಮ್ಮ ಊರಿಗೆಲ್ಲ ಫೋನ್ ಮಾಡ್ತದೆ" ಅಂದ ಡ್ರೈವರು. ನನ್ನೊಳಗೆ ಇನ್ನೂ ಆ ಅರ್ಧ ಮಾತ್ರೆ ಓಡುತ್ತಿತ್ತು. ಎತ್ತಿದೆ. ಗಂಟಲಿಗೆ ತಾನಾಗಿಯೇ ಬಂತು.

"ಹ್ಞಾಂ... ಹೇಳೆ."

"ಯಾಕೆ ಎತ್ನಿಲ್ಲ? ಎಷ್ಟ್ ಸಲ ಮಾಡ್ದೆ."

"ಸೌಂಡು ಜೋರಿತ್ತು ಕಣೆ. ಈಗ ಪ್ಯಾಕಪ್ಪು."

"ಅನಂತಪುರದ ಡಾಕ್ಟ್ರು ಬರ್ಕೊಟ್ಟ ಮಾತ್ರೆ ಬೆಳಗ್ಗೆ ತಗಂಡ್ರಾ? ಮನಸ್ಸಿಂದು. ಡಬ್ಬಿ ಇಲ್ಲೇ ಐತೆ, ಅದ್ಕೆ ಕೇಳ್ದೆ."

"ಹ್ಞಾಂ... ಒಂದು ಜೇಬಲ್ಲಿ ಇಕ್ಕೊಂಡಿದ್ದೆ. ತಗಂಡೆ."

"ಚೆನ್ನಾಗಿದ್ದೀರ ತಾನೆ?"

"ಚೆನ್ನಾಗಿದ್ದೀನಿ ಕಣೆ. ಬತ್ತೀನಿ."

ಇಟ್ಟೆ. ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. "ಥೂ" ಅಂದ. ಮೆಚ್ಚಿ ಅಂದನೋ, ಹೇಸಿ ಅಂದನೋ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಕವರು ಬಿಚ್ಚಿದ ನರ್ಸು ಒಮ್ಮೆ ನನ್ನ ಮುಖ ನೋಡಿ ಐಸು ತರಲು ಓಡಿದಳು. ಡಾಕ್ಟರಮ್ಮ ಅಣ್ಣನ ಕಣ್ಣರೆಪ್ಪೆ ಎತ್ತಿ ಟಾರ್ಚು ಬಿಟ್ಟು ನೋಡಿದರು. ನನ್ನ ಕಡೆ ತಿರುಗಿ, "ಏನಾದರೂ ತಗೊಂಡಿದ್ದಾನಾ? ಮಾತ್ರೆ, ಪುಡಿ, ಏನೇ ಇರಲಿ. ನಾನು ಪೊಲೀಸಲ್ಲ. ಹೇಳಿದರೆ ಟ್ರೀಟ್‌ಮೆಂಟೇ ಬೇರೆ" ಅಂದರು. ಏನೂ ಇಲ್ಲ ಮೇಡಂ, ಬಿಸಿಲು, ಅಂದೆ. ದಿನಾ ಯಾವುದಾದರೂ ಮಾತ್ರೆ ನುಂಗುತ್ತಾನಾ ಎಂದು ಕೇಳಿದರು. ಇಲ್ಲ ಮೇಡಂ, ಅಂದೆ. ಹೆದರಿಕೆ, ಅವಸರ, ನನ್ನ ಮೈಯಲ್ಲೂ ಅದೇ ವಿಷ. ಆ ಹೊತ್ತಿನಲ್ಲಿ ಯಾರಿಗೆ ತಾನೇ ಬಾಯಿ ಬರುತ್ತದೆ... ನನ್ನನ್ನು ಆಗಲೂ ಕಾಡುತ್ತಿದ್ದದ್ದು ಆ ಫೋನು. ಅತ್ತಿಗೆಗೆ ಮೋಸ ಮಾಡಿದೆನಲ್ಲ ಎಂಬುದೊಂದೇ ತಲೆಯಲ್ಲಿತ್ತು. ಸಂಜೆ ಡ್ರೈವರೇ ಅವರಿಗೆ ಫೋನು ಮಾಡಿ, ಬಿಸಿಲು ಹೊಡೆದು ಆಸ್ಪತ್ರೆಗೆ ಸೇರಿಸಿದ್ದೇವೆ, ಬೆಳಗ್ಗೆ ಬಂದರೆ ಸಾಕು ಅಂದ. ಆ ಕರೆ ಮಾಡಲು ನನಗೆ ಯಾವ ದನಿಯೂ ಬರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅತ್ತಿಗೆ ಬಂದರು. ಬಂದವರೇ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಹಾಳೆ ತೆಗೆದು ಡಾಕ್ಟರಮ್ಮನಿಗೆ ಕೊಟ್ಟರು. "ದಿನಾ ಬೆಳಗ್ಗೆ ಒಂದು ತಗತಾರೆ ಮೇಡಂ. ನಿನ್ನೆನೂ ತಗಂಡವ್ರೆ." ಡಾಕ್ಟರಮ್ಮ ಹಾಳೆಯನ್ನು ತಿರುಗಿಸಿ ಓದಿದರು. "ನಿನ್ನೆ ಕರಕೊಂಡು ಬಂದವರನ್ನ ಕೇಳಿದೆನಲ್ಲ. ಏನೂ ಇಲ್ಲ ಅಂದರು" ಎಂದು ನನ್ನತ್ತ ನೋಡಿದರು. ಅತ್ತಿಗೆಯೂ ನೋಡಿದರು. ಆಗ ನಾನು ಗುಲಾಬಿ ಮಾತ್ರೆಯ ವಿಷಯ ಹೇಳಿದೆ, ಒಂದೂವರೆ ಮಾತ್ರೆ, ಮಧ್ಯಾಹ್ನದ ಹೊತ್ತು, ಚಿಟ್ಟೆಯ ಅಚ್ಚು, ಎಲ್ಲ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಮಾತ್ರೆಯಲ್ಲಿ ಏನು ಬೆರೆತಿತ್ತೋ ಮಾಡಿದವನಿಗೂ ಗೊತ್ತಿರುವುದಿಲ್ಲ, ಮನಸ್ಸಿನ ಕೆಲವು ಮಾತ್ರೆಗಳ ಜೊತೆ ಅದು ಸೇರಿದರೆ ಮೈ ಹೀಗೆ ಉರಿದುಹೋಗಬಹುದು, ನಿನ್ನೆಯೇ ತಿಳಿದಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದೆವು, ಮೂತ್ರಪಿಂಡ ಉಳಿಯುತ್ತಿತ್ತೆಂದು ಗ್ಯಾರಂಟಿ ಹೇಳಲಾರೆ, ಅಂದರು. ಒಂದೊಂದು ವಾಕ್ಯವನ್ನೂ ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದರು, ನಮಗೆ ಸರಿಯಾಗಿ ಅರ್ಥವಾಗಲೆಂದು.

"ಆದ್ರೆ ಮೇಡಂ, ಸಂಜೆ ನಾಕು ಗಂಟೇಲಿ ನನ್ ಹತ್ರ ಚೆನ್ನಾಗೇ ಮಾತಾಡಿದ್ರು" ಅಂದರು ಅತ್ತಿಗೆ.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಅದನ್ನೂ ಬರೆದುಕೊಂಡರು. ನಾನು ಗೋಡೆ ನೋಡುತ್ತ ನಿಂತಿದ್ದೆ.

ಅಣ್ಣನ ಜೀವ ಉಳಿಯಿತು, ಮೂತ್ರಪಿಂಡ ಉಳಿಯಲಿಲ್ಲ. ನನಗೆ ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಒಂದು ಬಗೆಯ ಖಾಲಿತನ ಬಂತು. ಅಮ್ಮ ಮುಂದೆ ಕೂತು ಮಾತಾಡುತ್ತಿದ್ದರೆ ಟಿವಿಯ ಸೌಂಡು ತೆಗೆದ ಹಾಗೆ ಬಾಯಿ ಮಾತ್ರ ಕಾಣುತ್ತಿತ್ತು. ಆ ಮಾತ್ರೆ ಇದ್ದಬದ್ದ ಖುಷಿಯನ್ನೆಲ್ಲ ಒಂದೇ ಮಧ್ಯಾಹ್ನಕ್ಕೆ ಬಳಿದು ಖರ್ಚು ಮಾಡಿಸಿಬಿಡುತ್ತದೆ, ಒಂದು ವಾರ ಹೀಗಿರುತ್ತದೆ ಎಂದು ಯಾರೋ ಹೇಳಿದರು. ವಾರ ಕಳೆಯಿತು. ಸ್ವಲ್ಪ ಮಾತ್ರ ಹೋಯಿತು, ಮಿಕ್ಕಿದ್ದು ನನ್ನ ಜೊತೆಯಲ್ಲೇ ಉಳಿದುಕೊಂಡಿತು. ಅದು ಮಾತ್ರೆಯದಲ್ಲ ಎಂದು ಈಗ ಅನ್ನಿಸುತ್ತದೆ.

ವಾರಕ್ಕೆರಡು ಸಲ ಅಣ್ಣ ಅನಂತಪುರಕ್ಕೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಕಾರ್ಯಕ್ರಮ ಇಲ್ಲದ ದಿನ ನಾನು ಹಿಂದೂಪುರದಿಂದ ಹೋಗಿ ಜೊತೆಯಾಗುತ್ತಿದ್ದೆ. ದಿನಕ್ಕೆ ಇಷ್ಟೇ ನೀರು ಎಂದು ಅಳತೆ. ಅತ್ತಿಗೆ ಒಂದು ಸಣ್ಣ ಲೋಟದಲ್ಲಿ ಅಳೆದು ಕೊಡುತ್ತಿದ್ದರು. ಅವನು ಕುಡಿಯುತ್ತಿರಲಿಲ್ಲ, ತುಟಿಗೆ ತಾಗಿಸಿ ಇಟ್ಟುಕೊಂಡು ಕೂರುತ್ತಿದ್ದ. ಒಂದು ಬೆಳಗ್ಗೆ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಸೀರೆ ಅಂಗಡಿಯ ಪ್ರಚಾರದ ಆಟೋ ಒಂದು ಹರಿದ ಸ್ಪೀಕರಿನಲ್ಲಿ ಕಿರಿಚಿಕೊಂಡು ಹೋಯಿತು. ಹಳೆಯ ಅಣ್ಣನಾಗಿದ್ದರೆ ಆಟೋ ನಿಲ್ಲಿಸಿ, ಬೈದು, ಅಲ್ಲೇ ಸ್ಕ್ರೂ ತಿರುಗಿಸಿ ಕಳಿಸುತ್ತಿದ್ದ. ಈಗ ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿ ಅತ್ತಿಗೆ ಯಾರೋ ಪರಿಚಯದವರಿಗೆ, "ನಾಕು ಗಂಟೇಲಿ ಮಾತಾಡಿದ್ರು ಕಣಮ್ಮ, ಚೆನ್ನಾಗಿದ್ದೀನಿ ಅಂದ್ರು" ಎಂದು ಹೇಳುತ್ತಿದ್ದರು.

ಅಣ್ಣ ಮೆಲ್ಲಗೆ ನನ್ನ ಕಡೆ ವಾಲಿದ.

"ಅವತ್ತು ಫೋನಲ್ಲಿ ನಾನು ಏನಂದೆ ಕಣ್ಲಾ? ನಂಗೆ ನೆಪ್ಪೇ ಇಲ್ಲ."

"ಚೆನ್ನಾಗಿದ್ದೀನಿ ಅಂದ್ರಿ ಅಣ್ಣ."

"ಹ್ಞಾಂ..." ಒಂದು ಕ್ಷಣ ತಡ. "ಅಂದಿರ್ತೀನಿ."

ಬಸ್ಸು ಬಂತು. ಹತ್ತಿಸಿದೆ.

ಅದೇ ವರ್ಷದ ಚಳಿಗಾಲದಲ್ಲಿ, ಡಯಾಲಿಸಿಸ್ ಕುರ್ಚಿಯಲ್ಲೇ, ಬೆಳಗಿನ ಹೊತ್ತು ಅವನ ಎದೆ ನಿಂತಿತು. ನಾನು ಹಿಂದೂಪುರದಲ್ಲಿ ಒಂದು ನಾಮಕರಣದಲ್ಲಿದ್ದೆ. ಡ್ರೈವರು ಫೋನು ಮಾಡಿ ಹೇಳಿದ. ಹ್ಞೂಂ ಅಂದೆ. ಬಾಕಿ ಇದ್ದ ಐಟಂ ಮುಗಿಸಿದೆ. ಹಕ್ಕಿ, ರೈಲು, ಅಳುವ ಮಗು. ಅಳುವ ಮಗುವಿಗೆ ಒನ್ಸ್ ಮೋರ್ ಬಂತು, ಮತ್ತೆ ಮಾಡಿದೆ. ಆಮೇಲೆ ಬಸ್ಸು ಹಿಡಿದೆ. ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟೆ. ಎಷ್ಟೋ ವರ್ಷ ಬಿಟ್ಟೆ...

ರಿಸೆಪ್ಶನ್ನಿನ ಆ ವಾಸನೆ ಮೂಗಿನಿಂದ ಹೋಗಲಿಲ್ಲ. ಮೂರನೇ ದಿನ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಒಳಗೊಳಗೇ ರಿಹರ್ಸಲ್ ಮಾಡಿಕೊಂಡೆ. ಅಂಗಡಿ ಅಲ್ಲೇ ಇತ್ತು. ಅತ್ತಿಗೆಯೇ ನಡೆಸುತ್ತಿದ್ದಾರೆ. ದೊಡ್ಡ ಪೆಟ್ಟಿಗೆಗಳನ್ನು ಮಾರಿದ್ದಾರೆ. ಪೂಜೆಗೆ, ಸಭೆಗೆ, ಪ್ರಚಾರಕ್ಕೆ ಸಣ್ಣ ಮೈಕ್ ಸೆಟ್ಟು ಕೊಡುತ್ತಾರೆ. ಕೂದಲು ಅರ್ಧ ನರೆತಿದೆ. ಚಾಪೆಯ ಮೇಲೆ ಕೂತು, ಕನ್ನಡಕ ಏರಿಸಿ, ಮೈಕಿನ ವೈರಿಗೆ ಬೆಸುಗೆ ಹಾಕುತ್ತಿದ್ದರು. ಅಣ್ಣನ ಕುರ್ಚಿ ಇರಲಿಲ್ಲ, ಫೋಟೋ ಇತ್ತು. ಫೋಟೋದಲ್ಲಿ ಅವನು ನಗುತ್ತಿಲ್ಲ. ಅವನು ನಕ್ಕ ಫೋಟೋ ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

"ಬಾರಪ್ಪ. ದಾರಿ ತಪ್ಪಿ ಬಂದ್ಬುಟ್ಯಾ?" ಅಂದರು. "ಸಣ್ಣಗಾಗಿದ್ದೀಯ. ಕೂಸುಮರಿ ಆಯ್ತಾ?"

"ಮದುವೇನೇ ಆಗಿಲ್ಲ ಅತ್ತಿಗೆ. ಊರವರ ಮದುವೇಲೆಲ್ಲ ನಾನೇ ನಿಂತಿರ್ತೀನಿ, ಹುಡುಗಿ ನೋಡೋಕೆ ಪುರುಸೊತ್ತಿಲ್ಲ."

ಅವರು ಸಣ್ಣಗೆ ನಕ್ಕರು. ಮಜ್ಜಿಗೆ ಕೊಟ್ಟರು. ಕುಡಿದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ, ನೇರವಾಗಿ ಹೇಳಿಬಿಟ್ಟೆ: ಅವತ್ತು ನಾಲ್ಕು ಗಂಟೆಗೆ ಫೋನಿನಲ್ಲಿ ಮಾತಾಡಿದ್ದು ಅಣ್ಣ ಅಲ್ಲ, ನಾನು. ಅಣ್ಣ ಆಗಲೇ ಬಿದ್ದು ಎಷ್ಟೋ ಹೊತ್ತಾಗಿತ್ತು. ಬೆಸುಗೆಯ ಹೊಗೆ ಒಂದು ಎಳೆ ಮೇಲೆದ್ದಿತು. ಅತ್ತಿಗೆ ಕೈ ನಿಲ್ಲಿಸಲಿಲ್ಲ. ಒಂದು ವೈರು ಕೂರಿಸಿ, ಊದಿ, ಇನ್ನೊಂದನ್ನು ಎತ್ತಿಕೊಂಡರು.

"ಗೊತ್ತು" ಅಂದರು. "ಡಾಕ್ಟರಮ್ಮ ಹೊತ್ತಿನ ಲೆಕ್ಕ ಹೇಳ್ದಾಗ್ಲೇ ಅನುಮಾನ ಬಂತು. ಬಿದ್ದೋರು ಎದ್ದು ಹೆಂಗೆ ಮಾತಾಡ್ತಾರೆ? ಅವರ ದನಿ ನಿಂಗೆ ಬತ್ತದೆ ಅಂತ ಈ ಮನೇಲಿ ಯಾರಿಗೆ ಗೊತ್ತಿಲ್ಲ?"

ಹಾಗಾದರೆ ಬಸ್‌ಸ್ಟ್ಯಾಂಡಿನಲ್ಲಿ ಯಾಕೆ ಹಾಗೆ ಹೇಳಿಕೊಳ್ಳುತ್ತಿದ್ದಿರಿ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ನನಗೆ ಬೇಕಾಗಿದ್ದದ್ದು ಒಂದು ಶಿಕ್ಷೆ. ಅವರು ಕೊಡದಿದ್ದರೆ ನಾನೇ ಕೊಟ್ಟುಕೊಳ್ಳಲು ತಯಾರಾಗಿ ಬಂದಿದ್ದೆ.

"ತಪ್ಪಾಯ್ತು ಅತ್ತಿಗೆ" ಅಂದೆ. "ಆ ದನಿ ಮಾಡಿದ್ದೇ ದೊಡ್ಡ ತಪ್ಪು. ಅದೊಂದೇ ನನ್ನನ್ನ ತಿಂತಿದೆ. ಇನ್ನು ಮೇಲೆ ಮಿಮಿಕ್ರಿನೇ ಬಿಟ್ಬಿಡ್ತೀನಿ."

ಅತ್ತಿಗೆ ಬೆಸುಗೆಯ ಕಡ್ಡಿಯನ್ನು ಸ್ಟ್ಯಾಂಡಿನ ಮೇಲಿಟ್ಟರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಆಗಷ್ಟೇ ನನ್ನ ಮುಖವನ್ನು ಸರಿಯಾಗಿ ನೋಡಿದರು.

"ಮಿಮಿಕ್ರಿ ಯಾಕಪ್ಪ ಬಿಡ್ತೀಯ, ಅದೇನ್ ಮಾಡ್ತು? ನನ್ ಹತ್ರ ಅವರ ದನೀಲಿ ಸುಳ್ಳು ಹೇಳ್ದೆ, ಸರಿ. ಡಾಕ್ಟರಮ್ಮ ಕೇಳ್ದಾಗ ಏನೂ ತಗಂಡಿಲ್ಲ ಅಂದ್ಯಲ್ಲ, ಅದು ಯಾರ್ ದನಿ?"